ಲ್ಯಾಬಣ್ಣನ ಲಾಗಿನ್

ಅವರ ಬಲಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ಉಗುರು ಇರಬೇಕಾದ ಕಡೆ ಚರ್ಮ ಒಳಕ್ಕೆ ಮಡಚಿಕೊಂಡು, ಚೀಲದ ಬಾಯಿ ಹೊಲಿದಂತೆ ಒಂದು ಸಣ್ಣ ಗಂಟಾಗಿತ್ತು. ಹರೆಯದಲ್ಲಿ ಶೇಂಗಾ ಸುಲಿಯುವ ಯಂತ್ರಕ್ಕೆ ಸಿಕ್ಕಿದ್ದು ಅಂತ ಹೇಳುತ್ತಿದ್ದರು. ಹಾಗಾಗಿ ಕಂಪ್ಯೂಟರಿನ ಅಕ್ಷರಗಳನ್ನು ಅವರು ನಡುಬೆರಳಿನಿಂದ, ಒಂದೊಂದಾಗಿ, ಒತ್ತಬೇಕೋ ಬೇಡವೋ ಎಂದು ಪ್ರತಿ ಸಲ ಯೋಚಿಸಿದವರಂತೆ ಒತ್ತುತ್ತಿದ್ದರು. ಪರದೆಯ ಮೇಲೆ ಎರರ್ ಬಂದ ಕೂಡಲೇ ಎರಡೂ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಪಂಕ್ತಿಯಲ್ಲಿ ಕುಳಿತವರು ಬಡಿಸುವವರೆಗೆ ಕಾಯುವ ಹಾಗೆ. ಓದಿ ಮುಗಿಯುವವರೆಗೆ ಆ ಕೈ ಮೇಲೇಳುತ್ತಿರಲಿಲ್ಲ.

ಅವರು ಕೊಟ್ಟೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಅಟೆಂಡರ್. ನಾನು ಅಲ್ಲಿ ಕಂಪ್ಯೂಟರ್ ವಿಷಯದ ಉಪನ್ಯಾಸಕ. ಹಡಗಲಿಯಿಂದ ಅವ್ವನನ್ನು ಕರೆದುಕೊಂಡು ಬಂದು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಾರು. ಅವರಿಗೆ ನಲವತ್ತೈದು ದಾಟಿತ್ತು. ಹುಡುಗರು ಅವರನ್ನು ಲ್ಯಾಬಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಕೊನೆಯವರೆಗೂ ಸರ ಎಂದರು.

ಓದಿದ್ದು ಪಿಯುಸಿ, ಅದೂ ಇಂಗ್ಲಿಷಿನಲ್ಲಿ ಫೇಲು. ಇಲ್ಲಿಗೆ ಬರುವ ಮೊದಲು ಕೊಳವೆಬಾವಿಯ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಮಾಡಿದ್ದರು. ಕಾಲೇಜಿಗೆ ಬಂದದ್ದು ಲ್ಯಾಬಿನ ಯುಪಿಎಸ್ ಬ್ಯಾಟರಿ ಜೋಡಿಸಲು. ಜೋಡಿಸಿದ ಮೇಲೆ, ಇದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದು, ಹಂಗಾಮಿ ಅಟೆಂಡರ್ ಎಂದು ಉಳಿದುಕೊಂಡರು. ಕೆಲಸ ಮಾಡುವವರ ಬೆನ್ನ ಹಿಂದೆ ನಿಂತು ನೋಡಿ ನೋಡಿ ಕಲಿತರು. ನಾನು ಸೇರುವ ಹೊತ್ತಿಗೆ ಕಾಲೇಜಿನ ಸರ್ವರ್ ನಡೆಯುತ್ತಿದ್ದದ್ದೇ ಅವರಿಂದ. ಕಚೇರಿಯ ಗುಮಾಸ್ತರು ಮಾತ್ರ ಅವರನ್ನು ಕಂಡಾಗಲೆಲ್ಲ ಒಂದು ಮಾತು ಆಡದೆ ಬಿಡುತ್ತಿರಲಿಲ್ಲ: "ಏನಪಾ ಇಂಜಿನಿಯರು, ಚಾ ತರ್ತೀಯೋ, ಇಲ್ಲಾ ನಾಸಾಕ್ಕ ಹೊಂಟೀಯೋ?" ಲ್ಯಾಬಣ್ಣ ನಗುತ್ತ ಕೆಟಲ್ ತೆಗೆದುಕೊಂಡು ಹೋಗುತ್ತಿದ್ದರು. ಹನ್ನೊಂದು ವರ್ಷ ಹಂಗಾಮಿಯಾಗಿದ್ದರು. ಖಾಯಂ ಮಾಡುವ ಕಡತ ನಾನು ಸೇರಿದ ಮರುವರ್ಷ ಆಡಳಿತ ಮಂಡಳಿಯ ಮುಂದೆ ಇತ್ತು.

ಜಾಲತಾಣದ ಸರ್ಟಿಫಿಕೇಟ್ ಮಾಡುವುದನ್ನು ಅವರು ನನಗೆ ಕಲಿಸಿದ್ದು ಸೇರಿದ ಮೊದಲ ವರ್ಷ. ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಒಂದು ತಾಣ ನಿಜವಾಗಿ ಆ ಕಾಲೇಜಿನದೇ, ನಡುವೆ ಯಾರೂ ಕದ್ದು ಓದುತ್ತಿಲ್ಲ ಎಂದು ಬಂದವರಿಗೆ ಭರವಸೆ ಕೊಡುವುದು ಸರ್ಟಿಫಿಕೇಟ್. ವರ್ಷಕ್ಕೊಮ್ಮೆ ಅದರ ಅವಧಿ ಮುಗಿಯುತ್ತಿತ್ತು. ಹೊಸದು ಬೇಕೆಂದರೆ ಮೊದಲು ನಮ್ಮ ಸರ್ವರಿನಲ್ಲೇ ಒಂದು ಗುಟ್ಟಿನ ಕೀ ಹುಟ್ಟಿಸಬೇಕು. ಆ ಕೀ ಇಟ್ಟುಕೊಂಡು ಒಂದು ಅರ್ಜಿ ತಯಾರಿಸಿ ಕಂಪನಿಗೆ ಕಳಿಸಬೇಕು. ಅವರು ಪರಿಶೀಲಿಸಿ ಕಳಿಸುವ ಸರ್ಟಿಫಿಕೇಟ್ ಆ ಒಂದು ಕೀಗೆ ಮಾತ್ರ ಹೊಂದುತ್ತದೆ. ಬೇರೆ ಕೀ ಇಟ್ಟರೆ ಸರ್ವರ್ ಏಳುವುದೇ ಇಲ್ಲ. ಇದೆಲ್ಲ ಕಪ್ಪು ಪರದೆಯ ಮೇಲೆ ಕಮಾಂಡುಗಳನ್ನು ಬರೆದು ಮಾಡುವ ಕೆಲಸ. ಒಂದು ಚುಕ್ಕೆ ತಪ್ಪಿದರೂ ಎರರ್.

ನನ್ನ ಮೊದಲ ಎರರ್ ನೆನಪಿದೆ. ದೇಶದ ಹೆಸರು ಕೇಳಿತ್ತು, ನಾನು ಇಂಡಿಯಾ ಎಂದು ಪೂರ್ತಿ ಬರೆದೆ. ತಪ್ಪು ಎಂದಿತು. ಮತ್ತೆ ಬರೆದೆ, ಮತ್ತೆ ತಪ್ಪು ಎಂದಿತು. ಮೂರನೆಯ ಸಲಕ್ಕೆ ಲ್ಯಾಬಣ್ಣ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಇಟ್ಟರು.

"ಏನಂತೈತಿ ಓದ್ರಿ ಸರ."

ನಾನು ಇಂಗ್ಲಿಷಿನಲ್ಲಿ ಓದಿದೆ.

"ಹಂಗಲ್ಲ. ನಮ್ಮ ಮಾತಿನಾಗ ಹೇಳ್ರಿ. ಎರಡಕ್ಷರಕ್ಕಿಂತ ಹೆಚ್ಚು ಬ್ಯಾಡ ಅಂತೈತಿ. ನೀವು ಐದು ಕೊಟ್ಟೀರಿ. ಸಂತ್ಯಾಗ ಪಾವು ಕೇಳಿದೋರಿಗೆ ಸೇರು ಅಳದು ಸುರುವಿದ್ರ ಹಿಡಿಯಾಕ ಅವ್ರ ಹತ್ರ ಚೀಲ ಬೇಕಲ್ರಿ?"

ಅದು ಅವರ ಪದ್ಧತಿ. ಪ್ರತಿ ಎರರನ್ನೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಕು, ಕೊಟ್ಟೂರಿನ ಯಾರೋ ಒಬ್ಬರು ಎದುರು ನಿಂತು ಹೇಳುತ್ತಿದ್ದಾರೆ ಎಂಬಂತೆ ನಮ್ಮ ಮಾತಿಗೆ ತಿರುಗಿಸಬೇಕು, ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಬೇಕು. ಅದಾದ ಮೇಲೆಯೇ ಕೈ ಮುಂದೆ. ಫೈಲ್ ಸಿಗುತ್ತಿಲ್ಲ ಎಂದು ಬಂದರೆ, ನೀವು ಹೇಳಿದ ಓಣಿಯಾಗ ಆ ಮನಿ ಇಲ್ಲ ಅಂತೈತಿ, ಓಣಿ ತಪ್ಪೋ ಮನಿ ತಪ್ಪೋ ನೋಡ್ರಿ ಎನ್ನುತ್ತಿದ್ದರು. ಅನುಮತಿ ಇಲ್ಲ ಎಂದು ಬಂದರೆ, ಬಾಗಿಲು ಇಲ್ಲ ಅಂದಿಲ್ಲ, ಬಾಗಿಲು ಐತಿ, ನಿಮಗ ತೆಗಿಯಂಗಿಲ್ಲ ಅಂತೈತಿ ಎನ್ನುತ್ತಿದ್ದರು. ನನ್ನ ಅವಸರ ಕಂಡರೆ ಮೋಟಾರಿನ ಮಾತು ತೆಗೆಯುತ್ತಿದ್ದರು.

"ಸುಟ್ಟ ಮೋಟಾರಿಗೆ ಮತ್ತ ಸ್ವಿಚ್ ಹಾಕ್ತಾರ ನೋಡ್ರಿ ಮಂದಿ. ಈಗರ ಹತ್ತೀತೇನೋ ಅಂತ. ಉಳಿದ ಸುತ್ತೂ ಸುಡತೈತಿ."

ಇನ್ನೊಂದು ನಿಯಮವಿತ್ತು. ಕೀಯನ್ನು ಅವರು ಚಾವಿ ಎನ್ನುತ್ತಿದ್ದರು. ಚಾವಿ ಊರು ತಿರುಗಬಾರದು ಎಂಬುದು ಅವರ ಮಾತು. ಪೆನ್‌ಡ್ರೈವಿಗೆ ಹಾಕುವುದಿಲ್ಲ, ಇಮೇಲಿನಲ್ಲಿ ಇಡುವುದಿಲ್ಲ, ಹುಟ್ಟಿದ ಯಂತ್ರದಲ್ಲೇ, ಕಮಾಂಡಿನ ಮೊದಲಿಗೆ ಮುಖ್ಯ ಅಧಿಕಾರದ ಪದ ಸೇರಿಸಿದರೆ ಮಾತ್ರ ತೆರೆಯುವ ಫೋಲ್ಡರಿನಲ್ಲಿ ಒಂದೇ ಪ್ರತಿ. ಇದು ಸರಿಯಾದ ಎಚ್ಚರ. ಆದರೆ ಅದೇ ಎಚ್ಚರದ ಮನುಷ್ಯನ ಲಾಗಿನ್ ಪಾಸ್‌ವರ್ಡ್ ನಮ್ಮೆಲ್ಲರಿಗೂ ಗೊತ್ತಿತ್ತು. ಉಪನ್ಯಾಸಕರಿಗೆ ಬೇರೆ ಲಾಗಿನ್ ಮಾಡಲು ಪ್ರಾಚಾರ್ಯರ ಸಹಿ ಬೇಕು, ಆ ಕಾಗದ ಎರಡು ಸಲ ಹೋಗಿ ಎರಡು ಸಲವೂ ಮೇಜಿನ ಮೇಲೆ ಉಳಿಯಿತು. ಕೆಲಸ ನಿಲ್ಲಬಾರದಲ್ಲ ಎಂದು ಎಲ್ಲರೂ ಲ್ಯಾಬಣ್ಣನ ಹೆಸರಿನಲ್ಲೇ ಒಳಗೆ ಹೋಗುತ್ತಿದ್ದೆವು. ಅವರು ತಡೆಯಲಿಲ್ಲ. ಅಟೆಂಡರ್ ಉಪನ್ಯಾಸಕರನ್ನು ತಡೆಯುವುದು ಹೇಗೆ?

ಇನ್ನೂ ಒಂದು ರೂಢಿ ಇತ್ತು, ಅದನ್ನೂ ಬರೆಯಬೇಕು. ಅಟೆಂಡರನ್ನು ಮನೆಯ ಕೆಲಸಕ್ಕೆ ಕಳಿಸುವುದು. ಎಲ್ಲರೂ ಕಳಿಸುತ್ತಿದ್ದರು. ನಾನೂ ಕಳಿಸಿದೆ.

ಮರುವರ್ಷ ಒಂದು ದತ್ತಿ ಸಂಸ್ಥೆ ಹಳ್ಳಿಗಳಿಂದ ಬರುವ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದಿತ್ತು. ಹುಡುಗಿಯರು ನಮ್ಮ ತಾಣದಲ್ಲಿ ಅರ್ಜಿ ತುಂಬಬೇಕು. ಸೋಮವಾರ ಸಂಜೆ ಸಂಸ್ಥೆಯ ಕಂಪ್ಯೂಟರ್ ನಮ್ಮ ಸರ್ವರಿಗೆ ಬಂದು ಅವನ್ನು ತೆಗೆದುಕೊಂಡು ಹೋಗುತ್ತದೆ. ಸರ್ಟಿಫಿಕೇಟ್ ಇಲ್ಲದ ತಾಣದೊಂದಿಗೆ ಅದು ವ್ಯವಹರಿಸುವುದಿಲ್ಲ. ನಮ್ಮ ಹಳೆಯ ಸರ್ಟಿಫಿಕೇಟ್ ಭಾನುವಾರಕ್ಕೆ ಮುಗಿಯುತ್ತಿತ್ತು. ಲ್ಯಾಬಣ್ಣ ಹತ್ತು ದಿನ ಮೊದಲೇ ಕೀ ಮಾಡಿ ಅರ್ಜಿ ಕಳಿಸಿದ್ದರು. ಹೊಸ ಸರ್ಟಿಫಿಕೇಟ್ ಶುಕ್ರವಾರ ಮಧ್ಯಾಹ್ನ ಬಂತು.

ಬಂದಾಗ ಅವರು ಲ್ಯಾಬಿನಲ್ಲಿ ಇರಲಿಲ್ಲ. ಹಗರಿಬೊಮ್ಮನಹಳ್ಳಿಯ ಅಂಗಡಿಯಲ್ಲಿ ನನ್ನ ಅವ್ವನ ಕನ್ನಡಕ ತಯಾರಾಗಿತ್ತು. ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದವರನ್ನು ಮಧ್ಯಾಹ್ನದ ಬಸ್ಸಿಗೆ ನಾನೇ ಕಳಿಸಿದ್ದೆ. ಸರ್ಟಿಫಿಕೇಟ್ ಬಂದರೆ ಮುಟ್ಟಬ್ಯಾಡ್ರಿ, ನಾನು ಬಂದು ಹಾಕ್ತೀನಿ ಎಂದು ಹೇಳಿ ಹೋಗಿದ್ದರು.

ನಾನು ಮುಟ್ಟಿದೆ. ಅವರು ಬರುವುದರೊಳಗೆ ಮಾಡಿ ಮುಗಿಸಿ ತೋರಿಸಬೇಕು ಅನ್ನಿಸಿತು. ನನ್ನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಅವರ ಲಾಗಿನ್‌ನಲ್ಲಿ ಒಳಗೆ ಹೋಗಿ ಕಮಾಂಡ್ ಕೊಟ್ಟೆ. ಕೀ ಇರುವ ಫೋಲ್ಡರಿಗೆ ಅನುಮತಿ ಇಲ್ಲ ಎಂದು ಬಂತು. ಮುಖ್ಯ ಅಧಿಕಾರ ಸೇರಿಸಿ ಅದೇ ಕಮಾಂಡ್ ಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು ಆ ಸಾಲು ಪೂರ್ತಿ ಓದಲಿಲ್ಲ. ಅದರ ಒಂದು ತುಂಡನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಯಾವುದೋ ಪುಟದಲ್ಲಿ ನಾಲ್ಕು ಸಾಲು ಸಿಕ್ಕವು. ಅಲ್ಲಿದ್ದ ಫೈಲಿನ ಹೆಸರು ಅಳಿಸಿ ನಮ್ಮ ಫೈಲಿನ ಹೆಸರು ಹಾಕಿದೆ. ನಾಲ್ಕನ್ನೂ ಒಟ್ಟಿಗೆ ಓಡಿಸಿದೆ. ಮೊದಲ ಸಾಲು ಮುಖ್ಯ ಅಧಿಕಾರದಿಂದ ಹೊಸ ಕೀ ಹುಟ್ಟಿಸುವ ಸಾಲು. ಲ್ಯಾಬಣ್ಣ ಹತ್ತು ದಿನದ ಹಿಂದೆ ಮಾಡಿದ್ದ ಕೀ ಇದ್ದ ಜಾಗದಲ್ಲೇ, ಅದೇ ಹೆಸರಿನಲ್ಲಿ, ಹೊಸದು ಬಂದು ಕುಳಿತಿತು. ಹಳೆಯದರ ಮೇಲೆ ಬರೆಯಲೇ ಎಂದು ಆ ಕಮಾಂಡ್ ಕೇಳುವುದಿಲ್ಲ. ಸಮಯ ಮೂರೂವರೆ.

ಆಮೇಲೆ ಬಂದ ಎರರ್, ಕೀಗೂ ಸರ್ಟಿಫಿಕೇಟಿಗೂ ಹೊಂದುತ್ತಿಲ್ಲ ಎಂಬುದು. ನಾನು ಮತ್ತೆ ಮತ್ತೆ ಓಡಿಸಿದೆ.

ಅವರು ನಾಲ್ಕೂವರೆಗೆ ಬಂದರು. ಕನ್ನಡಕ ಅಂಗಿಯ ಜೇಬಿನಲ್ಲಿತ್ತು, ಡಬ್ಬಿಯ ಸುತ್ತ ಕರವಸ್ತ್ರ ಸುತ್ತಿದ್ದರು. ಅದನ್ನು ಮೇಜಿನ ಮೇಲೆ ಇಟ್ಟು ಪರದೆ ನೋಡಿದರು, ಕುಳಿತರು, ಕೈ ತೊಡೆಯ ಮೇಲೆ ಹೋಯಿತು. ಮೊದಲು ಏನು ಅಂದಿತ್ತು ಎಂದು ಕೇಳಿದರು. ನಾನು ಅದನ್ನು ಪೂರ್ತಿ ಓದಿರಲೇ ಇಲ್ಲ. ಹಿಂದೆ ಕೊಟ್ಟ ಕಮಾಂಡುಗಳ ಪಟ್ಟಿ ತೆಗೆದು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರು. ಒಂದು ಕಡೆ ನಿಂತರು. ಅಷ್ಟು ಹೊತ್ತು ಅವರು ಒಂದೇ ಸಾಲನ್ನು ನೋಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಹಳೇದು ಹೋತ್ರಿ ಸರ," ಎಂದರು. ಡಬ್ಬಿಯನ್ನು ನನ್ನ ಕಡೆ ಸರಿಸಿ, "ನೀವು ಮನಿಗೆ ನಡೀರಿ. ಅವ್ವಾರು ದಾರಿ ನೋಡತಿರತಾರ, ಕನ್ನಡಕ ಕೊಡ್ರಿ."

ಹೊಸ ಕೀಗೆ ಹೊಸ ಸರ್ಟಿಫಿಕೇಟ್ ಬೇಕೆಂದರೆ ಕಂಪನಿ ಮತ್ತೆ ಪರಿಶೀಲಿಸಬೇಕು. ಅವರ ಕಚೇರಿಗೆ ಎರಡು ದಿನ ರಜೆ. ಲ್ಯಾಬಣ್ಣ ಶನಿವಾರ, ಭಾನುವಾರ ಲ್ಯಾಬಿನಲ್ಲೇ ಇದ್ದು ಫೋನ್ ಮಾಡಿದರು, ಬರೆದರು. ಸರ್ಟಿಫಿಕೇಟ್ ಬಂದದ್ದು ಬುಧವಾರ. ಸೋಮವಾರ ಸಂಜೆ ದತ್ತಿ ಸಂಸ್ಥೆಯ ಕಂಪ್ಯೂಟರ್ ಬಂದು, ಹಿಂದಿರುಗಿ ಹೋಗಿತ್ತು. ಕೇಳಿಕೊಂಡೆವು, ಗಡುವು ಎಲ್ಲ ಕಾಲೇಜಿಗೂ ಒಂದೇ ಎಂದರು. ಹತ್ತೊಂಬತ್ತು ಹುಡುಗಿಯರ ಅರ್ಜಿ ಬಿದ್ದುಹೋಯಿತು. ಇಬ್ಬರು ಮುಂದಿನ ವರ್ಷ ಕಾಲೇಜಿಗೆ ಬರಲಿಲ್ಲ. ಆ ಇಬ್ಬರ ಹೆಸರು ನನಗೆ ಗೊತ್ತು.

ಪೋಷಕರು ಬಂದು ಪ್ರಾಚಾರ್ಯರ ಕೋಣೆಯ ಮುಂದೆ ಕುಳಿತರು. ಅವರ ಕೋಪ ನ್ಯಾಯವಾದದ್ದು. ಯಾರಾದರೂ ಒಬ್ಬರನ್ನು ತೋರಿಸಬೇಕಾಯಿತು.

ವಿಚಾರಣೆ ಅರ್ಧ ಗಂಟೆ ನಡೆಯಿತು. ಮಂಡಳಿಯ ಕಾರ್ಯದರ್ಶಿ, ಪ್ರಾಚಾರ್ಯರು, ನಮ್ಮ ವಿಭಾಗದ ಮುಖ್ಯಸ್ಥರು ಮತ್ತು ನಾನು ಕುರ್ಚಿಯಲ್ಲಿದ್ದೆವು. ಲ್ಯಾಬಣ್ಣ ಬಾಗಿಲ ಹತ್ತಿರ ನಿಂತಿದ್ದರು. ಸರ್ವರಿನ ದಾಖಲೆಯನ್ನು ಮುದ್ರಿಸಿ ಮೇಜಿನ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಹಾಜರಿ ಪುಸ್ತಕ.

"ಶುಕ್ರವಾರ ಮೂರೂವರಿಗೆ ನಿನ್ನ ಹೆಸರಿನಾಗ ಆಗೈತಿ," ಎಂದರು ಕಾರ್ಯದರ್ಶಿ. "ಅವತ್ತು ನಿನ್ನ ಸಹಿನೂ ಐತಿ. ಬ್ಯಾರೆ ಯಾರರ ಕುಂತಿದ್ರೇನು? ಇದ್ರ ಈಗ ಹೇಳು."

ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಈಗ ಆ ನಂಬಿಕೆ ಇಲ್ಲ. ನನ್ನ ಪರೀಕ್ಷಾರ್ಥ ಅವಧಿ ಮುಗಿಯಲು ನಾಲ್ಕು ತಿಂಗಳಿತ್ತು. ಸರ್ವರಿನಲ್ಲಿ ಮಾಡಿದ್ದು ಒಂದು ತಪ್ಪು, ಅಟೆಂಡರನ್ನು ಕೆಲಸದ ವೇಳೆಯಲ್ಲಿ ಸ್ವಂತ ಕೆಲಸಕ್ಕೆ ಕಳಿಸಿದ್ದು ಇನ್ನೊಂದು. ಅವೆರಡನ್ನೂ ನಾನು ಆ ಕುರ್ಚಿಯಲ್ಲಿ ಕುಳಿತು ತೂಗಿ ನೋಡಿದೆ. ಅಷ್ಟು ಸಮಯ ಸಿಕ್ಕಿತ್ತು.

"ನನ್ನ ಹೆಸರಿನಾಗ ಆಗೈತಿ ಅಂದ್ರ ನಂದರಿ," ಎಂದರು ಲ್ಯಾಬಣ್ಣ.

ಯಾಕೆ ಹಾಗೆ ಹೇಳಿದರೋ ನನಗೆ ತಿಳಿಯದು. ನನ್ನನ್ನು ಉಳಿಸಲು ಇರಬಹುದು. ಹೇಳಿದರೂ ನಂಬುವುದಿಲ್ಲ ಎಂದು ಲೆಕ್ಕ ಹಾಕಿರಬಹುದು. ನಾನೇ ಬಾಯಿ ಬಿಡಲಿ ಎಂದು ಕಾದು, ಬಿಡದಿದ್ದಾಗ ಸುಮ್ಮನಾಗಿರಬಹುದು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಖಾಯಂ ಆಗುವ ಕಡತ ಮುಚ್ಚಿತು. ತಿಂಗಳ ಕೊನೆಗೆ ಕೆಲಸವೂ ಹೋಯಿತು. ಅವರು ತಮ್ಮ ಊರು ಚಿಗಟೇರಿಗೆ ಹೋಗಿ, ಅಲ್ಲಿಂದ ದಿನಾ ಹರಪನಹಳ್ಳಿಯ ಒಂದು ಝೆರಾಕ್ಸ್ ಅಂಗಡಿಗೆ ಬಂದು ಪಹಣಿ ತೆಗೆಯುವ, ಆನ್‌ಲೈನ್ ಅರ್ಜಿ ತುಂಬುವ ಕೆಲಸಕ್ಕೆ ಕುಳಿತರು. ಮನೆಯಲ್ಲಿ ಅವ್ವ ಒಂದೆರಡು ಸಲ ಕೇಳಿದಳು, ಕನ್ನಡಕ ತಂದುಕೊಟ್ಟೋರು ಈಗ ಯಾಕ ಬರವಲ್ರು ಎಂದು. ಬೇರೆ ಕಡೆ ಕೆಲಸ ಸಿಕ್ಕಿದೆ ಎಂದೆ.

ಇನ್ನೂ ಹೇಳಬೇಕಾದದ್ದಿದೆ. ಅವರು ಹೋದ ಮೇಲೂ ನಾನು ಅವರಿಗೆ ಫೋನ್ ಮಾಡುತ್ತಿದ್ದೆ. ಮುಂದಿನ ವರ್ಷದ ಸರ್ಟಿಫಿಕೇಟ್ ಮಾಡುವಾಗ ಎರಡು ಎರರ್ ಬಂದು ನಿಂತುಬಿಟ್ಟೆ. ಅಂಗಡಿಯಲ್ಲಿ ಜನರ ಗದ್ದಲ ಕೇಳಿಸುತ್ತಿತ್ತು. ಏನಂತೈತಿ ಓದ್ರಿ ಸರ, ಎಂದರು. ನಾನು ಓದಿದೆ. ಅವರು ನಮ್ಮ ಮಾತಿಗೆ ತಿರುಗಿಸಿ ಹೇಳಿದರು, ನಮ್ಮದಕ್ಕೆ ಜಾಮೀನು ನಿಲ್ಲುವ ಮಧ್ಯಸ್ಥ ಸಂಸ್ಥೆಯ ಸರ್ಟಿಫಿಕೇಟನ್ನು ನಮ್ಮದರ ಕೆಳಗೆ ಜೋಡಿಸಿಲ್ಲ ನೀವು, ಮಗನ ಹೆಸರು ಹೇಳಿ ಅಪ್ಪನ ಹೆಸರು ಬಿಟ್ಟಂಗಾಗೈತಿ ಎಂದರು. ಸರಿಯಾಯಿತು. ಆ ವರ್ಷ ಹೀಗೆ ನಾಲ್ಕೈದು ಸಲ.

ಒಮ್ಮೆ ಹರಪನಹಳ್ಳಿಗೇ ಹೋದೆ, ತಪ್ಪಾಯಿತು ಎಂದು ಹೇಳಲೇಬೇಕೆಂದು. ಅಂಗಡಿಯ ಮುಂದೆ ಸರತಿ ಇತ್ತು. ಒಬ್ಬ ಮುದುಕಿಯ ಬೆರಳಚ್ಚು ಯಂತ್ರಕ್ಕೆ ಹತ್ತದ್ದಕ್ಕೆ ಅವರು ಅವಳ ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಸ್ಟೂಲ್ ಕೊಟ್ಟರು.

"ಪರ್ಮನೆಂಟ್ ಆತೇನ್ರಿ ಸರ?"

"ಆತು ಲ್ಯಾಬಣ್ಣ."

"ಛಲೋ ಆತು ಬಿಡ್ರಿ."

ಸರತಿಯಲ್ಲಿದ್ದವರು ನಮ್ಮನ್ನೇ ನೋಡುತ್ತಿದ್ದರು. ನಾನು ಚಹಾ ಕುಡಿದು ಬಂದೆ.

ಈಗ ಸರ್ಟಿಫಿಕೇಟ್ ತಾನೇ ಬರುತ್ತದೆ. ಒಂದು ಸಣ್ಣ ಪ್ರೋಗ್ರಾಂ ಎರಡು ಮೂರು ತಿಂಗಳಿಗೊಮ್ಮೆ ಯಾರನ್ನೂ ಕೇಳದೆ ಕೀ ಮಾಡಿ, ಅರ್ಜಿ ಹಾಕಿ, ತಂದು ಕೂರಿಸುತ್ತದೆ. ಹೊಸದಾಗಿ ಬಂದ ಉಪನ್ಯಾಸಕರಿಗೆ ಆ ಎರರುಗಳನ್ನು ನೋಡುವ ಪ್ರಸಂಗವೇ ಇಲ್ಲ. ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಟ್ಟಿದ್ದಾರೆ. ಆ ಘಟನೆಯ ನಂತರ ಪ್ರಾಚಾರ್ಯರು ಒಂದೇ ದಿನದಲ್ಲಿ ಸಹಿ ಮಾಡಿದರು.

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಹಳೆಯ ವಿದ್ಯಾರ್ಥಿಯೊಬ್ಬನ ವಾಟ್ಸ್ಆ್ಯಪ್ ಸ್ಟೇಟಸ್ಸಿನಿಂದ. ಕೆಲಸ ಹೋಗಿ ಮೂರು ವರ್ಷವಾಗಿತ್ತು. ಅಂಗಡಿ ಮುಚ್ಚಿ ಬಸ್ಸಿಗೆ ನಿಂತಾಗ ಎದೆನೋವು ಬಂದಿದೆ. ನಾನು ನೋಡುವಾಗ ಮಣ್ಣಾಗಿ ಎರಡು ದಿನ ಕಳೆದಿತ್ತು.

ಹನ್ನೊಂದನೆಯ ದಿನ ಆದ ಮೇಲೆ ಚಿಗಟೇರಿಗೆ ಹೋದೆ. ಅವರ ಹೆಂಡತಿಯನ್ನು ಅದಕ್ಕೂ ಮೊದಲು ನೋಡಿರಲಿಲ್ಲ. ಕಾಲೇಜಿನಿಂದ ಬಂದೆ ಎಂದದ್ದಕ್ಕೆ ಚಾಪೆ ಹಾಸಿ, ನೀರು ಕೊಟ್ಟು, ಒಲೆಯ ಮೇಲೆ ಚಹಾಕ್ಕೆ ಇಟ್ಟರು. ಬಿ.ಕಾಂ. ಓದುತ್ತಿರುವ ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಹೇಳಿದೆ. ಮೇಲೆ ಬರೆದದ್ದನ್ನೇ, ಇದೇ ಕ್ರಮದಲ್ಲಿ. ಸರ್ಟಿಫಿಕೇಟ್ ಎಂದರೆ ಏನೆಂದು ಅವರು ಕೇಳಲಿಲ್ಲ. ಕೇಳಿದ್ದು ಒಂದೇ.

"ಹಂಗಾರ ಅವತ್ತು ಅವ್ರು ಕಾಲೇಜಿನಾಗ ಇರಲಿಲ್ಲೇನ್ರಿ?"

"ಇರಲಿಲ್ರಿ. ನಮ್ಮವ್ವನ ಕನ್ನಡಕ ತರಾಕ ನಾನ ಹಗರಿಬೊಮ್ಮನಹಳ್ಳಿಗೆ ಕಳಿಸಿದ್ದೆ."

ಅವರು ಬಾಗಿಲ ಕಡೆ ತಿರುಗಿದರು. ಮಾತಾಡಿದ್ದು ನನ್ನ ಜತೆಯಲ್ಲ, ಮಗಳ ಜತೆ.

"ಮೂರು ವರ್ಷ ಅಂದೆ ನಾನು ಅವ್ರಿಗೆ. ಕೈಯಾಗಿದ್ದ ಕೆಲಸ ನೀವ ಕೆಡಿಸಿಕೊಂಡು ಬಂದ್ರಿ ಅಂತ. ಉಣ್ಣಾಕ ಕುಂತಾಗೂ ಅಂದೆ. ಹಿಂಗಲ್ಲ ಅಂತ ಒಂದಿನನೂ ಅನಲಿಲ್ಲವ್ವ ನಿಮ್ಮಪ್ಪ."

ಮಗಳು ಹೋಗಿ ತಾಯಿಯ ಪಕ್ಕ ಕುಳಿತಳು. ಚಹಾ ಕುದಿದು ಉಕ್ಕುತ್ತಿತ್ತು. ಅವರು ಎದ್ದು ಉರಿ ಆರಿಸಿದರು, ಲೋಟಕ್ಕೆ ಸೋಸಲಿಲ್ಲ. ನಾನು ಎದ್ದು ಬಂದೆ. ನಮ್ಮ ಕಡೆ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವುದಿಲ್ಲ. ಅವರು ಮಾಡಿದ್ದು ಸರಿ.

ಮರುದಿನ ಮಂಡಳಿಗೆ ಒಂದು ಪತ್ರ ಬರೆದೆ. ಶುಕ್ರವಾರ ಮೂರೂವರೆಗೆ ಆ ಲಾಗಿನ್‌ನಲ್ಲಿ ಇದ್ದವನು ನಾನು ಎಂದು. ಕಾರ್ಯದರ್ಶಿ ಓದಿ, ಸತ್ತೋರ ಕಡತ ಈಗ ಯಾಕ ತೆಗಿಸ್ತೀರಿ, ನಿಮ್ಮ ಕೆಲಸ ನೋಡ್ಕೊಳ್ರಿ ಎಂದು ಹಿಂದಕ್ಕೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಸ್ವೀಕರಿಸಿದ ಮೊಹರು ಹಾಕಿಸಿಕೊಳ್ಳಲು ಮೂರು ಸಲ ಅಲೆದೆ. ನನ್ನ ಮೇಲೆ ಯಾವ ಕ್ರಮವೂ ಆಗಿಲ್ಲ. ಮೊಹರಿನ ಪ್ರತಿಯನ್ನು ಚಿಗಟೇರಿಗೆ ಅಂಚೆಯಲ್ಲಿ ಕಳಿಸಿದೆ. ಊರಿನ ಮಂದಿಗಾದರೂ ತೋರಿಸಲಿ ಎಂಬುದು ನನ್ನ ಆಸೆ.

ಒಂದು ವಾರದ ಮೇಲೆ ಮಗಳು ಫೋನ್ ಮಾಡಿದಳು. ಅವಳ ದನಿ ತಂದೆಯ ಹಾಗೆಯೇ ಮೆತ್ತಗೆ, ಒಂದೊಂದೇ ಮಾತು ಬಿಡಿಸಿ ಇಡುವ ದನಿ.

"ಪೇಪರ್ ಮುಟ್ಟೈತ್ರಿ ಸರ. ಅವ್ವಗ ಓದಿ ಹೇಳಿದೆ. ಎರಡು ಸಲ ಓದಿಸಿದ್ಲು. ಇಟ್ಕೊಂಡಾಳ."

ನಾನು ಕಾದೆ.

"ನೀವು ಇನ್ನ ಬರಬ್ಯಾಡ್ರಿ ಅಂತ ಹೇಳ್ಯಾಳರಿ."

ಆಗಲವ್ವ ಎಂದೆ. ಅವಳು ಫೋನ್ ಇಟ್ಟಳು. ನಾನು ಮತ್ತೆ ಹೋಗಿಲ್ಲ.